ಪೈಥಾನ್ ಪರೀಕ್ಷೆಗೆ ಮನೆಯಲ್ಲಿ ಸಿದ್ಧತೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡುವ ಭಾಷೆಗಳು ಹಲವಾರಿರುವುವಷ್ಟೆ. ಅವುಗಳಲ್ಲಿ ಪೈಥಾನ್ ಎಂಬುದರ ಹೆಸರು ಈಗ ಅಡಿಗೆಯ ಮನೆಯವರೆಗೂ ಕೇಳಿಬರುತ್ತಿದೆ. ಸಿ.ಬಿ.ಎಸ್.ಇ. ಮಂಡಲಿಯ ಹನ್ನೊಂದನೆಯ ತರಗತಿಯಲ್ಲಿ ಗಣಕವಿಜ್ಞಾನವನ್ನು ಆರಿಸಿಕೊಂಡ ಮಕ್ಕಳು ಕಲಿಯತಕ್ಕ ಭಾಷೆ ಇದೇ. ಪರೀಕ್ಷೆ ಸಮೀಪಿಸಿದೊಡನೆ ಅವರು ಪುಸ್ತಕವನ್ನು ಎರಡಾವೃತ್ತಿ, ಮೂರಾವೃತ್ತಿ ಓದುವರು. ಓದುತ್ತಿರುವಾಗ ಎಲ್ಲವೂ ತಿಳಿದಂತೆಯೇ ತೋರುವುದು. ಆದರೆ ಪ್ರಶ್ನಪತ್ರಿಕೆಯಲ್ಲಿ ಐದಾರು ಸಾಲುಗಳ ಕ್ರಮವಿಧಿಯೊಂದನ್ನು ಕೊಟ್ಟು, 'ಇದರ ಫಲವೇನು?' ಎಂದು ಕೇಳಿದರೆ ಕೈ ತಡೆಯುವುದು. ಅಂಕಗಳು ಕಡಮೆಯಾದ ಮೇಲೆ 'ಈ ವಿದ್ಯೆ ನನ್ನ ತಲೆಗೆ ಹತ್ತುವುದಲ್ಲ' ಎಂದು ಮಗಳು ನಿರ್ಧರಿಸಿಬಿಡುವಳು, ತಂದೆತಾಯಿಗಳೂ ಹೌದೆನ್ನುವರು. ಹದಿನಾರು ವರ್ಷದ ಹುಡುಗಿಯ ಮುಂದೆ ಒಂದು ಬಾಗಿಲು ಹೀಗೆ ಮುಚ್ಚಿಹೋಗುವುದನ್ನು ನಾವು ಒಪ್ಪಲಾರೆವು. ಕೊರತೆಯಿರುವುದು ಬುದ್ಧಿಯಲ್ಲಲ್ಲ, ಅಭ್ಯಾಸದ ಕ್ರಮದಲ್ಲಿ.

ಕ್ರಮವಿಧಿಯನ್ನು ಓದುವುದು ಬೇರೆ, ಯಂತ್ರದಂತೆ ಅದನ್ನು ನಡೆಸುವುದು ಬೇರೆ. ಪರೀಕ್ಷೆಯು ಕೇಳುವುದು ಎರಡನೆಯದನ್ನು. ಅದಕ್ಕೆ ಬೇಕಾದ ಸಾಮಗ್ರಿ ಒಂದು ಹಾಳೆ, ಒಂದು ಪೆನ್ಸಿಲು, ಎದುರಿಗೆ ಕುಳಿತು 'ಈಗ ಇದರ ಬೆಲೆಯೆಷ್ಟು?' ಎಂದು ಕೇಳುವ ಒಬ್ಬ ಹಿರಿಯರು. ಆ ಹಿರಿಯರಿಗೆ ಪೈಥಾನ್ ತಿಳಿದಿರಬೇಕಾದ ಅಗತ್ಯವೇ ಇಲ್ಲ. ದಿನಸಿಯ ಲೆಕ್ಕವನ್ನು ಸಾಲುಸಾಲಾಗಿ ಒಪ್ಪಿಸಿಕೊಳ್ಳಬಲ್ಲ ಅಜ್ಜಿಯಾದರೂ ಸಾಕು.

ಒಂದು ಉದಾಹರಣೆಯನ್ನು ನೋಡೋಣ. ಇಲ್ಲಿ ಮುದ್ರಣದ ಅನುಕೂಲಕ್ಕಾಗಿ ಎಲ್ಲವನ್ನೂ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇವೆ. ಯಂತ್ರಕ್ಕೆ ಬರೆಯುವಾಗ ಆಜ್ಞಾಪದಗಳೂ ಅಂಕಿಗಳೂ ಇಂಗ್ಲಿಷಿನವಾಗಿರಬೇಕು.

ಮೊತ್ತ = ೦
ಫಾರ್ ಅಂಕಿ ಇನ್ ರೇಂಜ್(೧, ೫):
    ಇಫ್ ಅಂಕಿ % ೨ == ೦:
        ಮೊತ್ತ = ಮೊತ್ತ + ಅಂಕಿ
ಪ್ರಿಂಟ್(ಮೊತ್ತ)

ಹಾಳೆಯ ಮೇಲೆ ಎರಡು ಅಂಕಣಗಳನ್ನು ಗೀಚಿ, ಒಂದಕ್ಕೆ 'ಅಂಕಿ' ಎಂದೂ ಮತ್ತೊಂದಕ್ಕೆ 'ಮೊತ್ತ' ಎಂದೂ ಹೆಸರಿಡಬೇಕು. ರೇಂಜ್(೧, ೫) ಎಂದರೆ ೧, ೨, ೩, ೪; ಐದು ಸೇರುವುದಿಲ್ಲ. ಶೇಕಡಾ ಗುರುತು ಇಲ್ಲಿ ಭಾಗಿಸಿ ಉಳಿದ ಶೇಷವನ್ನು ಹೇಳುವುದು. ಆದುದರಿಂದ ಮೂರನೆಯ ಸಾಲು 'ಸಮಸಂಖ್ಯೆಯಾದರೆ' ಎಂದಂತಾಯಿತು. ಅಂಕಿ ೧ ಆದಾಗ ಮೊತ್ತ ೦, ೨ ಆದಾಗ ೨, ೩ ಆದಾಗ ೨, ೪ ಆದಾಗ ೬. ಕೊನೆಗೆ ಅಚ್ಚಾಗುವುದು ೬, ಒಂದೇ ಒಂದು ಸಲ.

ಈಗ ಕೊನೆಯ ಸಾಲನ್ನು ಬಲಕ್ಕೆ ಸರಿಸಿ 'ಇಫ್' ಇರುವ ನೇರಕ್ಕೆ ತನ್ನಿ. ಅಕ್ಷರವೊಂದೂ ಬದಲಾಗಿಲ್ಲ; ಆದರೂ ಫಲವು ೦, ೨, ೨, ೬ ಎಂದು ನಾಲ್ಕು ಸಾಲುಗಳಾಗುವುದು. ಇನ್ನೂ ಒಂದು ಹೆಜ್ಜೆ ಒಳಗೆ ಸರಿಸಿ, ಕೂಡುವ ಸಾಲಿನ ನೇರಕ್ಕೆ ನಿಲ್ಲಿಸಿದರೆ ೨, ೬ ಎಂದು ಎರಡೇ ಸಾಲು. ಬೇರೆ ಅನೇಕ ಭಾಷೆಗಳಲ್ಲಿ ಅಂಚಿನ ಖಾಲಿ ಜಾಗವು ಅಂದಕ್ಕಾಗಿ ಮಾತ್ರ. ಪೈಥಾನಿನಲ್ಲಿ ಅದೇ ವ್ಯಾಕರಣ. ಯಾವ ಸಾಲು ಯಾವುದರ ಮನೆಯೊಳಗಿದೆ ಎಂಬುದನ್ನು ಆ ಜಾಗವೇ ತಿಳಿಸುತ್ತದೆ. ಮಕ್ಕಳು ಅಂಕಗಳನ್ನು ಕಳೆದುಕೊಳ್ಳುವುದು ಇಂಥ ಕಡೆಗಳಲ್ಲಿ. ಈ ಮೂರು ರೂಪಗಳನ್ನೂ ಒಂದು ಸಂಜೆ ಕೈಯಿಂದ ನಡೆಸಿ, ಫಲವನ್ನು ಮೊದಲು ಬರೆದಿಟ್ಟು, ಆಮೇಲೆ ಯಂತ್ರದಲ್ಲಿ ಪರೀಕ್ಷಿಸಿ ನೋಡಿದರೆ, ಹತ್ತು ಪುಟಗಳ ಓದಿಗಿಂತ ಹೆಚ್ಚು ಮನಸ್ಸಿಗೆ ನಾಟುವುದೆಂದು ನಮ್ಮ ನಂಬಿಕೆ. ಮೊದಲೇ ಯಂತ್ರವನ್ನು ಕೇಳಿಬಿಟ್ಟರೆ ಅದು ಉತ್ತರವನ್ನು ನೋಡಿ ಲೆಕ್ಕ ಮಾಡಿದಂತೆ.

ರೇಂಜ್ ಕೊನೆಯ ಅಂಕಿಯನ್ನು ಏಕೆ ಬಿಡುವುದು, ಎಣಿಕೆ ಸೊನ್ನೆಯಿಂದ ಏಕೆ ಎಂದು ಮಕ್ಕಳು ಗೊಣಗುವುದುಂಟು. ಹೀಗಿರುವುದೇ ಅನುಕೂಲವೆಂದು ಡಚ್ ವಿದ್ವಾಂಸ ಎಡ್ಸ್ಗರ್ ಡೈಕ್‌ಸ್ಟ್ರಾ ೧೯೮೨ರಲ್ಲಿಯೇ ಒಂದು ಸಣ್ಣ ಟಿಪ್ಪಣಿಯಲ್ಲಿ ವಾದಿಸಿದ್ದನು. ಐದರಲ್ಲಿ ಒಂದನ್ನು ಕಳೆದರೆ ನಾಲ್ಕು; ರೇಂಜ್(೧, ೫) ಕೊಡುವ ಅಂಕಿಗಳೂ ನಾಲ್ಕು. ಈ ಕಳೆಯುವ ಲೆಕ್ಕವನ್ನು ನೆನಪಿಟ್ಟರೆ ಬಾಯಿಪಾಠ ಬೇಡ.

ಪೈಥಾನಿನ ಕರ್ತೃವೂ ಡಚ್ಚನೇ. ಗೈಡೋ ವಾನ್ ರೋಸಮ್ ಎಂಬಾತನು ಆಮ್ಸ್ಟರ್‌ಡಾಮ್ ನಗರದ ಗಣಿತ-ಗಣಕ ಸಂಶೋಧನಾಲಯದಲ್ಲಿದ್ದಾಗ ೧೯೮೯ರ ಕ್ರಿಸ್ಮಸ್ ರಜೆಯಲ್ಲಿ ಇದನ್ನು ಆರಂಭಿಸಿ, ೧೯೯೧ರಲ್ಲಿ ಲೋಕಕ್ಕೆ ಕೊಟ್ಟನು. ಹೆಸರು ಹೆಬ್ಬಾವಿನಿಂದ ಬಂದುದಲ್ಲ, 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯತಂಡದಿಂದ. ಪರೀಕ್ಷೆಗೆ ಇದಕ್ಕಿಂತ ಮುಖ್ಯವಾದ ಚರಿತ್ರೆ ಇನ್ನೊಂದಿದೆ. ೨೦೦೮ರಲ್ಲಿ ಮೂರನೆಯ ಪೈಥಾನ್ ಬಂದಿತು. ಎರಡನೆಯದಕ್ಕೆ ಕೊಡುತ್ತಿದ್ದ ಆಸರೆಯನ್ನು ೨೦೨೦ರ ಜನವರಿ ೧ರಿಂದ ನಿಲ್ಲಿಸಿದರು. ಅಣ್ಣನೋ ಚಿಕ್ಕಪ್ಪನೋ ಓದಿದ ಹಳೆಯ ಪುಸ್ತಕವು ಕಪಾಟಿನಲ್ಲಿದ್ದರೆ ಅದನ್ನು ಮಗುವಿನ ಕೈಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿರಿ: ಪ್ರಿಂಟ್ ಎಂಬುದರ ಮುಂದೆ ಆವರಣ ಚಿಹ್ನೆಗಳಿಲ್ಲದಿದ್ದರೆ ಅದು ಎರಡನೆಯ ಪೈಥಾನಿನದು. ಅದರಲ್ಲಿ ೭ನ್ನು ೨ರಿಂದ ಒಂದು ಓರೆಗೆರೆಯಿಟ್ಟು ಭಾಗಿಸಿದರೆ ೩, ಈಗಿನದರಲ್ಲಿ ೩.೫. ಈಗಿನದರಲ್ಲಿ ೬ನ್ನು ೨ರಿಂದ ಭಾಗಿಸಿದರೂ ಬರುವುದು ೩ ಅಲ್ಲ, ೩.೦. ಪೂರ್ಣಾಂಕ ಬೇಕಾದರೆ ಎರಡು ಓರೆಗೆರೆಗಳು. ಆದರೆ ಅವು ಯಾವಾಗಲೂ ಕೆಳಗಣ ಸಂಖ್ಯೆಗೆ ಇಳಿಸುವುವು, ಹಾಗಾಗಿ -೭ನ್ನು ೨ರಿಂದ ಹಾಗೆ ಭಾಗಿಸಿದರೆ -೪, ಶೇಷ ೧.

ಹೊಸಬರು ಎಡವುವ ಮತ್ತೊಂದು ಸ್ಥಳ ಇನ್‌ಪುಟ್. ಬಳಕೆದಾರನು ೫ ಎಂದು ಒತ್ತಿದರೂ ಇನ್‌ಪುಟ್ ಅದನ್ನು ಸಂಖ್ಯೆಯೆಂದು ಎಣಿಸದೆ, ಬರಹವೆಂದೇ ತರುವುದು. ಅಂಥ ಎರಡು ಐದುಗಳನ್ನು ಕೂಡಿದರೆ ಹತ್ತಾಗುವುದಿಲ್ಲ. ಅಕ್ಕಪಕ್ಕದಲ್ಲಿ ನಿಂತು ೫೫ ಆಗುವುವು. ಮೂರರಿಂದ ಗುಣಿಸಿದರೆ ಒಂದು ಐದು ೫೫೫ ಆಗುವುದು. 'ಇಂಟ್' ಎಂಬುದರೊಳಗೆ ಹಾಕಿ ಸಂಖ್ಯೆಯನ್ನಾಗಿ ಮಾಡಿಕೊಂಡ ಮೇಲೆಯೇ ಲೆಕ್ಕ.

ಇವೆಲ್ಲಕ್ಕಿಂತಲೂ ಸೂಕ್ಷ್ಮವಾದುದು ಪಟ್ಟಿಯ ವಿಚಾರ. 'ಅ' ಎಂಬುದು ಅಕ್ಕಿ, ಬೇಳೆ ಎಂಬ ಎರಡು ಹೆಸರುಗಳ ಲಿಸ್ಟ್ ಆಗಿರಲಿ. ಮುಂದಿನ ಸಾಲಿನಲ್ಲಿ ಆ = ಅ ಎಂದು ಬರೆದು, ಆಮೇಲೆ 'ಆ'ಗೆ ಅಪೆಂಡ್ ಎಂಬ ಆಜ್ಞೆಯಿಂದ ಬೆಲ್ಲವನ್ನು ಸೇರಿಸಿದರೆ, 'ಅ'ದಲ್ಲಿ ಎಷ್ಟು ಪದಾರ್ಥಗಳಿರುವುವು? ಎರಡೆಂದು ಹೇಳುವವರೇ ಬಹಳ. ಸರಿಯಾದ ಉತ್ತರ ಮೂರು. ಮಕ್ಕಳು ಹೆಸರನ್ನು ಡಬ್ಬವೆಂದು ಭಾವಿಸುವುದೇ ಈ ಗೊಂದಲಕ್ಕೆ ಕಾರಣ. ಪೈಥಾನಿನಲ್ಲಿ ಹೆಸರು ಡಬ್ಬವಲ್ಲ, ಡಬ್ಬದ ಮೇಲೆ ಅಂಟಿಸಿದ ಚೀಟಿ. ಆ = ಅ ಎಂದಾಗ ಹೊಸ ಡಬ್ಬ ಬರಲಿಲ್ಲ; ಇದ್ದ ಡಬ್ಬಕ್ಕೆ ಎರಡನೆಯ ಚೀಟಿ ಬಿದ್ದಿತು. ಯಾವ ಚೀಟಿಯನ್ನು ನೋಡಿ ಬೆಲ್ಲ ಹಾಕಿದರೇನು, ಡಬ್ಬ ಒಂದೇ. ಬೇರೆ ಡಬ್ಬವೇ ಬೇಕಾದರೆ 'ಕಾಪಿ' ಎಂದು ಸ್ಪಷ್ಟವಾಗಿ ಕೇಳಬೇಕು. ಗೃಹಿಣಿಯರು ಇದನ್ನು ಅಡಿಗೆಯ ಮನೆಯ ಸಾಲುಡಬ್ಬಗಳಿಂದಲೇ ತೋರಿಸಬಹುದು. ಎರಡು ಚೀಟಿ, ಒಂದು ಡಬ್ಬ, ಒಂದು ಹಿಡಿ ಬೆಲ್ಲ ಸಾಕು. ಸಂಖ್ಯೆ ಮತ್ತು ಬರಹಗಳಲ್ಲಿ ಈ ತೊಡಕಿಲ್ಲ. ಅವುಗಳ ಒಳಗನ್ನು ತಿದ್ದಲು ಬರುವುದೇ ಇಲ್ಲವಾದ್ದರಿಂದ, ಬದಲಿಸಿದಾಗಲೆಲ್ಲ ಚೀಟಿಯೇ ಬೇರೊಂದಕ್ಕೆ ಹೋಗಿ ಅಂಟಿಕೊಳ್ಳುವುದು.

ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷಿನ ಅಂಜಿಕೆ ಬೇರೆ ಇರುವುದು. ಪೈಥಾನಿನ ಮೀಸಲು ಪದಗಳು ಒಟ್ಟು ೩೫. ಆರಂಭದ ಪರೀಕ್ಷೆಗೆ ಅವುಗಳಲ್ಲಿ ಅರ್ಧದಷ್ಟು ತಿಳಿದರೂ ಹೆಚ್ಚೇ. ಉಳಿದ ಹೆಸರುಗಳನ್ನು ನಾವೇ ಇಟ್ಟುಕೊಳ್ಳುವುದಷ್ಟೆ? ಮೂರನೆಯ ಪೈಥಾನ್ ಆ ಹೆಸರುಗಳು ಕನ್ನಡ ಲಿಪಿಯಲ್ಲಿರುವುದನ್ನೂ ಒಪ್ಪುತ್ತದೆ. ಮೇಲಿನ ಉದಾಹರಣೆಯ 'ಮೊತ್ತ', 'ಅಂಕಿ' ಎಂಬವನ್ನು ಹಾಗೆಯೇ ಬರೆದರೂ ಯಂತ್ರವು ನಡೆಸಿಕೊಡುವುದು. ಇನ್ನೂ ಒಂದು ಕೌತುಕ: ಕನ್ನಡದ ೫ನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು 'ಇಂಟ್'ಗೆ ಒಪ್ಪಿಸಿದರೆ ಅದನ್ನೂ ಐದೆಂದೇ ಓದುತ್ತದೆ! ಆದರೆ ಚಿಹ್ನೆಗಳಿಲ್ಲದೆ ಬರಿಯ ೫ನ್ನು ಕ್ರಮವಿಧಿಯಲ್ಲಿ ಬರೆದರೆ ಒಪ್ಪದು. ಮನೆಯಲ್ಲಿ ಅಭ್ಯಾಸಕ್ಕೆ ಕನ್ನಡದ ಹೆಸರುಗಳನ್ನಿಟ್ಟರೆ ಯಾವುದು ಭಾಷೆಯ ಆಜ್ಞೆ, ಯಾವುದು ನಾವಿಟ್ಟ ಹೆಸರು ಎಂಬುದು ಕಣ್ಣಿಗೇ ಬೇರೆಯಾಗಿ ಕಾಣುವುದು. ಉತ್ತರಪತ್ರಿಕೆಯಲ್ಲಿ ಮಾತ್ರ ಶಾಲೆಯ ರೂಢಿಯಂತೆ ಬರೆಯತಕ್ಕುದು.

ಇನ್ನು ಸಣ್ಣಪುಟ್ಟವು. ಒಂದು ಸಮಗುರುತು ಹೆಸರಿಗೆ ಬೆಲೆಯನ್ನು ಕಟ್ಟುವುದು, ಎರಡು ಸಮಗುರುತುಗಳು ಸಮವೇ ಎಂದು ಕೇಳುವುವು. ಪ್ರಿಂಟ್ ತೋರಿಸಿ ಸುಮ್ಮನಾಗುವುದು, ರಿಟರ್ನ್ ಕರೆದವರ ಕೈಗೆ ಕೊಡುವುದು. ಲಿಸ್ಟಿನ ಸಾರ್ಟ್ ಎಂಬುದು ಲಿಸ್ಟನ್ನು ಅಲ್ಲಿಯೇ ಜೋಡಿಸಿ, ಕೈಗೆ 'ನನ್' ಎಂಬ ಬರಿದನ್ನು ಕೊಡುವುದು. ಯಂತ್ರವು ತಪ್ಪೆಂದು ಹೇಳಿ ಹಲವು ಸಾಲುಗಳನ್ನು ಬಿಚ್ಚಿದರೆ ಮೊದಲು ಓದಬೇಕಾದುದು ಕೊನೆಯ ಸಾಲನ್ನು. ದೋಷದ ಜಾತಿ ಅಲ್ಲಿರುವುದು.

ಪರೀಕ್ಷೆಯ ದಿನ ಪ್ರಶ್ನೆಯಲ್ಲಿ ಕ್ರಮವಿಧಿ ಬಂದೊಡನೆ, ಪ್ರತಿಯೊಂದು 'ಫಾರ್' ಮತ್ತು 'ಇಫ್' ಕೆಳಗೆ ಪೆನ್ಸಿಲಿನಿಂದ ನೇರವಾಗಿ ಒಂದು ಗೆರೆಯೆಳೆದು, ಅದರೊಳಗೆ ಯಾವ ಸಾಲುಗಳಿವೆಯೆಂದು ನೋಡಿ, ಆಮೇಲೆ ಅಂಕಣಗಳನ್ನು ಗೀಚಿಕೊಳ್ಳಲು ಮಗುವಿಗೆ ಹೇಳಿರಿ.