ಶ್ರದ್ಧೆ ಹುಟ್ಟುತ್ತದೆ, ನಿಷ್ಠೆಯನ್ನು ಕಟ್ಟಬೇಕು



ಯಾವ ವಿದ್ಯೆಯನ್ನಾದರೂ ಆರಂಭಿಸುವುದು ಸುಲಭ. ಒಳ್ಳೆಯ ದಿನ ನೋಡಿ, ಗುರುವಿಗೆ ಫಲತಾಂಬೂಲವಿತ್ತು ನಮಸ್ಕರಿಸಿದರೆ ಆರಂಭವಾಯಿತು. ನಲವತ್ತನೆಯ ದಿನವೂ ಅದೇ ಹೊತ್ತಿಗೆ, ಅದೇ ಚಾಪೆಯ ಮೇಲೆ, ಅದೇ ಪಾಠಕ್ಕೆ ಕುಳಿತುಕೊಳ್ಳುವುದು ಕಷ್ಟ. ಮನುಷ್ಯನ ಪರೀಕ್ಷೆ ನಡೆಯುವುದು ಮೊದಲ ದಿನದಲ್ಲಲ್ಲ, ನಲವತ್ತನೆಯ ದಿನದಲ್ಲಿ.

ಬೆಂಗಳೂರಿನ ಪೂರ್ವಭಾಗದ ಗರುಡಾಚಾರ್‌ಪಾಳ್ಯದ ಭಕ್ತರು ನಮ್ಮ ಬಳಿಗೆ ತರುವ ಚಿಂತೆಯೂ ಇದೇ. ಹಿಂದೆ ಹಳ್ಳಿಯಾಗಿದ್ದ ಆ ಊರು ಈಗ ಮಹಾನಗರದ ಒಳಗೆ ಬೆರೆತುಹೋಗಿದೆ. 2023ರ ಮಾರ್ಚ್ ತಿಂಗಳಿಂದ ಅದರ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ದುಡಿಯುವ ಮಕ್ಕಳಿಗೆ ಬಿಡುವಿಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರು ಬಿಟ್ಟು ಬಂದ ಹಿರಿಯರು ಅಲ್ಲಿ ಅನೇಕರಿದ್ದಾರೆ. “ಬುದ್ಧಿ, ಮೊಮ್ಮಗನನ್ನು ತಬಲಾ ಪಾಠಕ್ಕೆ ಸೇರಿಸಿದೆವು, ಮೂರು ತಿಂಗಳಿಗೆ ಬಿಟ್ಟುಬಿಟ್ಟ” ಎನ್ನುತ್ತಾರೆ. “ವಚನ ಹಾಡುವುದನ್ನು ಕಲಿಯಬೇಕೆಂಬ ಆಸೆ ನಮಗೂ ಇತ್ತು, ಇನ್ನು ಈ ವಯಸ್ಸಿನಲ್ಲಿ ಏನು ಬುದ್ಧಿ?” ಎಂದು ಕೇಳುವ ತಾಯಂದಿರೂ ಇದ್ದಾರೆ.

ಇದಕ್ಕೆ ಉತ್ತರ ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿಯೇ ಇದೆ. ಭಕ್ತಸ್ಥಲದಲ್ಲಿ ಇರುವುದು ಶ್ರದ್ಧಾಭಕ್ತಿ; ಮಹೇಶ್ವರಸ್ಥಲದಲ್ಲಿ ನಿಷ್ಠಾಭಕ್ತಿ; ಪ್ರಸಾದಿಸ್ಥಲದಲ್ಲಿ ಅವಧಾನ. ಅಲ್ಲಿಂದ ಮುಂದೆ ಪ್ರಾಣಲಿಂಗಿಗೆ ಅನುಭವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಆನಂದವು ಐದನೆಯ ಮೆಟ್ಟಿಲಲ್ಲಿದೆ ಎಂಬುದನ್ನು ಗಮನಿಸಬೇಕು. ಇಂದಿನವರು ಅದನ್ನು ಮೊದಲ ಮೆಟ್ಟಿಲಲ್ಲಿಯೇ ಹುಡುಕುತ್ತಾರೆ; ಸಿಗದಿದ್ದಾಗ ಇಳಿದುಬಿಡುತ್ತಾರೆ. ಶ್ರದ್ಧೆ ಒಂದು ಒಳ್ಳೆಯ ಹಾಡು ಕೇಳಿದರೂ ಹುಟ್ಟೀತು. ನಿಷ್ಠೆಯನ್ನು ಮಾತ್ರ ದಿನದಿನವೂ ಕಟ್ಟಿಕೊಳ್ಳಬೇಕು.

ನಿಷ್ಠೆಯನ್ನು ಕಟ್ಟಿದವರನ್ನು ನೋಡಬೇಕಾದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದತ್ತ ತಿರುಗಬೇಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಕಂಠವಿತ್ತು. ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಆ ಬಾಲಕನ ಕಂಠವನ್ನು ಗುರುತಿಸಿ, ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಕಲಿತರು. ಆಮೇಲೆ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿಯನ್ನೂ ಕಲಿತರು. ಒಂದು ಪದ್ಧತಿಯಲ್ಲಿ ಪಳಗಿದ ಮೇಲೆ ಮತ್ತೊಂದರಲ್ಲಿ ಮೊದಲಿನಿಂದ ಶಿಷ್ಯನಾಗಿ ಕೂರುವುದು ಸಣ್ಣ ಮಾತಲ್ಲ. ಕಲಿತದ್ದನ್ನು ಅವರು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೆ, ಬಡಮಕ್ಕಳಿಗೆ ಧಾರೆಯೆರೆದರು. ಬಸವರಾಜ ರಾಜಗುರು ಅವರಂಥ ಗಾಯಕರು ಅವರ ಕೈಯಲ್ಲಿ ತಯಾರಾದರು.

ಅವರ ಬಳಿಗೆ ಬಂದ ಇನ್ನೊಬ್ಬ ಬಾಲಕನೇ ಪುಟ್ಟರಾಜ. 1914ರಲ್ಲಿ ಜನಿಸಿ ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಈ ಮಗುವನ್ನು ಸೋದರಮಾವ ಚಂದ್ರಶೇಖರಯ್ಯನವರು ಗವಾಯಿಗಳ ವಶಕ್ಕೆ ಒಪ್ಪಿಸಿದರು. ಪುಸ್ತಕ ನೋಡಿ ಕಲಿಯುವಂತಿಲ್ಲ. ಗುರುಮುಖದಿಂದ ಕೇಳಬೇಕು, ಕೇಳಿದ್ದನ್ನು ನೆನಪಿನಲ್ಲಿಡಬೇಕು. ಒಂದೇ ಷಡ್ಜವನ್ನು ಉಸಿರು ನಿಲ್ಲುವವರೆಗೆ ಹಿಡಿಯುವುದು, ಒಂದೇ ಅಲಂಕಾರವನ್ನು ನಿಧಾನಕ್ಕೆ, ಆಮೇಲೆ ಬಿರುಸಿಗೆ ನೂರಾರು ಸಲ ತಿರುಗಿಸುವುದು ಸಂಗೀತಸಾಧನೆಯ ಕ್ರಮ. ಆ ಹಾದಿಯಲ್ಲಿ ನಡೆದು ಅವರು ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳನ್ನೂ ಕರಗತ ಮಾಡಿಕೊಂಡರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥ ರಚಿಸಿದರು.

1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಆಶ್ರಮದ ಮಕ್ಕಳ ಅನ್ನದ ಭಾರ ಅವರ ಹೆಗಲಿಗೆ ಬಂತು. ಕೈಯಲ್ಲಿದ್ದ ಆಸ್ತಿಯೆಂದರೆ ಕಲಿತ ವಿದ್ಯೆ. ಅವರು ನಾಟಕಗಳನ್ನು ಬರೆದರು, ನಾಟಕ ಕಂಪನಿ ನಡೆಸಿದರು, ಊರೂರು ತಿರುಗಿ ಹಾಡಿದರು. ಬಂದುದನ್ನು ಆಶ್ರಮದ ದಾಸೋಹಕ್ಕೆ ಸಲ್ಲಿಸಿದರು. ನಿತ್ಯದ ಅಭ್ಯಾಸ ಅವರನ್ನು ಗಾಯಕರನ್ನಾಗಿ ಮಾಡಿ ಅಷ್ಟಕ್ಕೇ ನಿಲ್ಲಲಿಲ್ಲ, ಕಷ್ಟಕಾಲದಲ್ಲಿ ನೂರು ಜನರಿಗೆ ನೆರಳಾಗುವ ಶಕ್ತಿಯನ್ನೂ ಕೊಟ್ಟಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅದೇ ವರ್ಷ ಲಿಂಗೈಕ್ಯರಾದರು.

ಅವರ ಶಿಷ್ಯರಾದ ಪಂಡಿತ ಎಂ. ವೆಂಕಟೇಶಕುಮಾರರನ್ನು 1968ರಲ್ಲಿ ಬಳ್ಳಾರಿ ಸೀಮೆಯಿಂದ ಆಶ್ರಮಕ್ಕೆ ಕರೆತಂದವರೂ ಸೋದರಮಾವನೇ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು. ಆ ಬಾಲಕ ಅಲ್ಲಿ ಇದ್ದದ್ದು ಮೂರು ತಿಂಗಳಲ್ಲ, ಹನ್ನೆರಡು ವರ್ಷ. ಈ ಎರಡೂ ಕಥೆಗಳಲ್ಲಿ ಮಗುವಿನ ಹಿಂದೆ ಒಬ್ಬ ಹಿರಿಯರು ನಿಂತಿದ್ದಾರೆಂಬುದನ್ನು ಅಜ್ಜ-ಅಜ್ಜಿಯರಾದ ನೀವು ಮರೆಯಬಾರದು.

ನಿಮ್ಮ ಮನೆಯ ಮಗು ಗವಾಯಿಯೇ ಆಗಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು. ಮನೆಯ ಹೆಪ್ಪನ್ನು ನೋಡಿ. ಇಂದಿನ ಮೊಸರಿನಲ್ಲಿ ಒಂದು ಚಮಚ ಉಳಿಸಿದರೆ ನಾಳೆಯ ಹಾಲು ಮೊಸರಾಗುತ್ತದೆ. ಒಂದು ದಿನ ಬಳಿದು ಉಂಡರೆ ನೆರೆಮನೆಗೆ ಬಟ್ಟಲು ಹಿಡಿದು ಹೋಗಬೇಕು. ಇಂದಿನ ಅಭ್ಯಾಸವು ನಾಳಿನ ಅಭ್ಯಾಸಕ್ಕೆ ಹೆಪ್ಪು.

ಮಗುವಿಗೆ “ಹೋಗಿ ಕುಳಿತುಕೋ” ಎನ್ನಬೇಡಿ, ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ. ಅದು ತಬಲಾ ಬಾರಿಸಲಿ, ನೀವು ಒಂದು ವಚನವನ್ನು ಹಾಡಿ ಕಲಿಯಿರಿ. ಕೌದಿ ಹೊಲಿಯಲು ಬರುವವರು ಕೌದಿಯನ್ನು ಕೈಗೆತ್ತಿಕೊಳ್ಳಿ. ಸ್ವರ ತಪ್ಪಲಿ, ಹೊಲಿಗೆ ಸೊಟ್ಟಗಾಗಲಿ, ಹೊತ್ತು ಮಾತ್ರ ತಪ್ಪದಿರಲಿ. ವಯಸ್ಸಾಯಿತೆಂದು ಹಿಂಜರಿಯಬೇಡಿ. ಮಳೆಯಿರಲಿ, ಜ್ವರವಿರಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆ ತಪ್ಪಿಸದೆ ನಡೆಸಿಕೊಂಡು ಬಂದ ನಿಮಗೆ ನಿಷ್ಠೆ ಹೊಸ ಪಾಠವಲ್ಲ. ಮೊಮ್ಮಕ್ಕಳಿಗೆ ನೀವು ಬಿಟ್ಟುಹೋಗಬಹುದಾದ ದೊಡ್ಡ ಆಸ್ತಿ ಅದೇ. ಹೊಲ ಮಾರಾಟವಾದೀತು, ಮನೆ ಪಾಲಾದೀತು. ಅಜ್ಜನ ಪಕ್ಕದಲ್ಲಿ ಕುಳಿತು ಕಲಿತ ನಿಷ್ಠೆಯನ್ನು ಯಾರೂ ಪಾಲು ಕೇಳಲಾರರು.

ನಿಮ್ಮ ಮನೆಗಳಲ್ಲಿ ದಿನಕ್ಕೊಂದು ಅರ್ಧ ಗಂಟೆ ನಾದ ತುಂಬಲಿ, ಶ್ರದ್ಧೆಯು ನಿಷ್ಠೆಯಾಗಿ ಬಲಿಯಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.