ಗೇಟಿಲ್ಲದ ಮನೆ

ಮಂಗಳೂರಿನ ಸರ್ಕ್ಯೂಟ್ ಹೌಸ್‌ನಿಂದ ಬಿಜೈಗೆ ಹೋಗುವ ರಸ್ತೆಗೆ ಈಗ ಜಾರ್ಜ್ ಫೆರ್ನಾಂಡಿಸ್ ಹೆಸರಿದೆ. ಊರಿನವರಿಗೆ ಅವರೆಂದರೆ ಕೊಂಕಣ ರೈಲು. ಹಿರಿಯರಿಗಾದರೆ 1974ರ ರೈಲ್ವೆ ಮುಷ್ಕರ, ಬೇಡಿ ಹಾಕಿದ ಕೈಯನ್ನು ಮೇಲೆತ್ತಿ ನಿಂತ ಆ ಫೋಟೊ. ಇಲ್ಲಿ ಅಷ್ಟಾಗಿ ಯಾರೂ ಹೇಳದ ಕಥೆ ಇನ್ನೊಂದಿದೆ. ದೆಹಲಿಯ 3, ಕೃಷ್ಣ ಮೆನನ್ ಮಾರ್ಗದ ಅವರ ಸರ್ಕಾರಿ ಬಂಗಲೆ ಬರ್ಮಾದಿಂದ ತಪ್ಪಿಸಿಕೊಂಡು ಬಂದ ಹೋರಾಟಗಾರರ ಬಿಡಾರವಾದ ಕಥೆ.

1930ರ ಜೂನ್ 3ರಂದು ಹುಟ್ಟಿದ ಜಾರ್ಜ್ ಪಾದ್ರಿಯಾಗಲಿ ಎಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದರು. ಹುಡುಗ ಅರ್ಧಕ್ಕೇ ಹೊರಬಂದ. 1949ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, 'ಕೊಂಕಣಿ ಯುವಕ್' ಮಾಸಿಕಕ್ಕೂ ಕನ್ನಡದ 'ರೈತವಾಣಿ' ವಾರಪತ್ರಿಕೆಗೂ ಸಂಪಾದಕನಾದ. ಮುಂಬೈ ಸೇರಿ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದವನಿಗೆ ಸಿಕ್ಕಿದ ಕೆಲಸವೂ ಪತ್ರಿಕೆಯ ಕರಡು ತಿದ್ದುವುದೇ. ಬಂದರು ಕಾರ್ಮಿಕರ ನಡುವೆ ಇದ್ದಾಗ 'ಡಾಕ್‌ಮನ್' ತಂದರು. ಮುಂದೆ ಹಿಂದಿಯಲ್ಲಿ 'ಪ್ರತಿಪಕ್ಷ', ಇಂಗ್ಲಿಷಿನಲ್ಲಿ 'ದಿ ಅದರ್ ಸೈಡ್'. ಸಂಘಟನೆ ಇದ್ದಲ್ಲಿ ಪತ್ರಿಕೆಯೂ ಇರಲೇಬೇಕೆಂಬುದು ಅವರ ಲೆಕ್ಕ.

ತಲೆಮರೆಸಿಕೊಳ್ಳುವುದು ಏನೆಂದು ಅವರಿಗೆ ಕಲಿಸಿದ್ದು ತುರ್ತುಪರಿಸ್ಥಿತಿ. 1975ರ ಜೂನ್‌ನಲ್ಲಿ ಒಡಿಶಾದ ಗೋಪಾಲಪುರದಿಂದ ಬೆಸ್ತನ ವೇಷದಲ್ಲಿ ಹೊರಟರು, ಆಮೇಲೆ ಗಡ್ಡ ಬಿಟ್ಟು ಪೇಟ ಸುತ್ತಿ ಸಿಖ್ಖರಾದರು. ಪತ್ನಿ ಲೈಲಾ ಪುಟ್ಟ ಮಗನನ್ನು ಕರೆದುಕೊಂಡು ಅಮೆರಿಕ ಸೇರಿದರು. ತಮ್ಮ ಲಾರೆನ್ಸ್ ಬೆಂಗಳೂರಿನಲ್ಲಿ ಪೊಲೀಸರ ಚಿತ್ರಹಿಂಸೆ ಉಂಡರು. ಜಾರ್ಜ್ ಜತೆಗಿನ ನಂಟಿಗಾಗಿ ಬಂಧಿತರಾದ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಜೈಲಿನಲ್ಲೇ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

1976ರ ಜೂನ್ 10ರಂದು ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದಾಗ ಅವರ ಜೀವಕ್ಕೆ ಅಪಾಯವಾಗದಂತೆ ಇಂದಿರಾ ಗಾಂಧಿಯವರ ಮೇಲೆ ಒತ್ತಡ ತಂದವರಲ್ಲಿ ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯಾದ ಬ್ರೂನೋ ಕ್ರೈಸ್ಕಿ ಸೇರಿದ್ದರು. ಇಬ್ಬರೂ ನಾಜಿಗಳ ಕಾಲದಲ್ಲಿ ದೇಶಭ್ರಷ್ಟರಾಗಿ ಬದುಕಿದವರು. ಬ್ರಾಂಟ್ ಅಂತೂ 1933ರಲ್ಲಿ ನಾರ್ವೆಗೆ ಓಡಿಹೋಗಿ ಪತ್ರಿಕೆಗಳಿಗೆ ಬರೆದೇ ಹೊಟ್ಟೆ ಹೊರೆದವರು. ಆ ಋಣವನ್ನು ಜಾರ್ಜ್ ತೀರಿಸಿದ್ದು ಬರ್ಮಾದವರಿಗೆ.

1988ರ ಆಗಸ್ಟ್ 8ರಂದು ರಂಗೂನಿನಲ್ಲಿ ಭುಗಿಲೆದ್ದ ವಿದ್ಯಾರ್ಥಿ ಚಳವಳಿಯನ್ನು ಸೇನೆ ಗುಂಡಿನಿಂದ ಅಡಗಿಸಿತು. ಸೆಪ್ಟೆಂಬರ್ 18ರಂದು ಅಧಿಕಾರವನ್ನೇ ಕೈಗೆ ತೆಗೆದುಕೊಂಡಿತು. ಹುಡುಗ ಹುಡುಗಿಯರು ಥಾಯ್ಲೆಂಡಿಗೆ, ಮಣಿಪುರ ಮಿಜೋರಾಮ್‌ಗಳಿಗೆ ಗಡಿ ದಾಟಿದರು. ಹೀಗೆ ಬಂದು ದೆಹಲಿ ಮುಟ್ಟಿದ ಹಲವರಿಗೆ ಜಾರ್ಜ್ ತಮ್ಮ ಬಂಗಲೆಯಲ್ಲಿ ಜಾಗ ಕೊಟ್ಟರು. ಆ ಮನೆಗೆ ಗೇಟೇ ಇರಲಿಲ್ಲ. ಎದುರಿನ ಗೃಹಮಂತ್ರಿಯ ಕಾವಲಿನವರು ದಾರಿಗೆ ಅಡ್ಡ ಬಂದರೆಂದು ಅವರು ಪ್ರತಿಭಟನೆಯಾಗಿ ಅದನ್ನು ಕೀಳಿಸಿ ಹಾಕಿದ್ದರು.

ಇದೇ ತಲೆಮಾರಿನ ಸೋ ಮ್ಯಿಂಟ್ ಭಾರತಕ್ಕೆ ಬಂದ ಬಗೆ ಮಾತ್ರ ಯಾರೂ ಮೆಚ್ಚುವಂಥದ್ದಲ್ಲ. 1990ರ ನವೆಂಬರ್ 10ರಂದು ಅವರು ಗೆಳೆಯನೊಬ್ಬನ ಜತೆ ಬ್ಯಾಂಕಾಕಿನಿಂದ ಹೊರಟ ಥಾಯ್ ವಿಮಾನವನ್ನು ಹುಸಿ ಬಾಂಬ್ ತೋರಿಸಿ ಕಲ್ಕತ್ತೆಗೆ ತಿರುಗಿಸಿದರು. ತಮ್ಮ ನಾಡಿನ ಗತಿಯನ್ನು ಪತ್ರಕರ್ತರ ಮುಂದೆ ಹೇಳಬೇಕೆಂಬುದೇ ಉದ್ದೇಶ. ಯಾರಿಗೂ ಗಾಯವಾಗಲಿಲ್ಲ. ಕೆಲವು ತಿಂಗಳು ಜೈಲಾಯಿತು. ಪಶ್ಚಿಮ ಬಂಗಾಳದ ನ್ಯಾಯಾಲಯ ಖುಲಾಸೆ ಮಾಡಿದ್ದು 2003ರಲ್ಲಿ. ಅಷ್ಟರೊಳಗೆ, 1998ರ ಆಗಸ್ಟ್‌ನಲ್ಲಿ, ಅವರು ಪತ್ನಿ ತಿನ್ ತಿನ್ ಆಂಗ್ ಮತ್ತು ಇನ್ನೊಬ್ಬ ಸಂಗಾತಿಯೊಂದಿಗೆ ದೆಹಲಿಯಲ್ಲಿ 'ಮಿಝಿಮಾ' ಸುದ್ದಿಸಂಸ್ಥೆ ಶುರುಮಾಡಿದ್ದರು. ಅಚ್ಚಿಗೆ ಮೊದಲೇ ಪ್ರತಿ ಸಾಲನ್ನೂ ಸೆನ್ಸಾರ್ ಓದುತ್ತಿದ್ದ ದೇಶದ ಸುದ್ದಿ ಹೀಗೆ ಹೊರಗಿನಿಂದ ಹರಿಯತೊಡಗಿತು. 2007ರಲ್ಲಿ ಬೌದ್ಧ ಭಿಕ್ಷುಗಳು ಬೀದಿಗಿಳಿದಾಗ ಜಗತ್ತಿಗೆ ವರದಿ ಕೊಟ್ಟವರಲ್ಲಿ ಇವರೂ ಇದ್ದರು.

1998ರ ಮಾರ್ಚ್‌ನಲ್ಲಿ ಜಾರ್ಜ್ ರಕ್ಷಣಾ ಮಂತ್ರಿಯಾದರು. ಬರ್ಮಾದ ಸೈನಿಕ ಆಡಳಿತದ ಜತೆ ದೆಹಲಿ ಅಷ್ಟರಲ್ಲಾಗಲೇ ಸ್ನೇಹ ಬೆಳೆಸುತ್ತಿತ್ತು. ಈಶಾನ್ಯದ ಬಂಡುಕೋರರ ಚಿಂತೆ, ಚೀನಾದ ಭಯ ಎರಡೂ ಅದಕ್ಕೆ ಕಾರಣ. ರಕ್ಷಣಾ ಮಂತ್ರಿ ಆ ನೀತಿಯನ್ನು ತಿರುಗಿಸಲಿಲ್ಲ. ಮನೆಯಲ್ಲಿದ್ದವರನ್ನು ಎಬ್ಬಿಸಲೂ ಇಲ್ಲ. ಸರ್ಕಾರದ ದಾರಿ ಒಂದು, ಅದೇ ಸರ್ಕಾರದ ಬಂಗಲೆಯ ದಾರಿ ಇನ್ನೊಂದು.

2012ರಲ್ಲಿ ಮಿಝಿಮಾ ಯಾಂಗೂನಿಗೆ (ಹಿಂದಿನ ರಂಗೂನಿಗೆ) ಮರಳಿತು. 2019ರ ಜನವರಿ 29ರಂದು ಜಾರ್ಜ್ ತೀರಿಕೊಂಡಾಗ ಅಲ್ಲಿ ಚುನಾಯಿತ ಸರ್ಕಾರವಿತ್ತು. 2021ರ ಫೆಬ್ರುವರಿ 1ರಂದು ಸೇನೆ ಮತ್ತೆ ಎರಗಿತು. ಮಾರ್ಚ್ 8ಕ್ಕೆ ಮಿಝಿಮಾ ಸೇರಿ ಐದು ಸಂಸ್ಥೆಗಳ ಪರವಾನಗಿ ರದ್ದಾಯಿತು. ಏಪ್ರಿಲ್‌ನಲ್ಲಿ ತಿನ್ ತಿನ್ ಆಂಗ್ ಬಂಧಿತರಾಗಿ ಅಕ್ಟೋಬರ್‌ವರೆಗೆ ಸೆರೆಯಲ್ಲಿದ್ದರು. ಜನ ಮತ್ತೆ ಮಿಜೋರಾಮಿನ ಗಡಿಗೆ ಬಂದರು. ನಿರಾಶ್ರಿತರೆಂದು ಮಾನ್ಯ ಮಾಡುವ ಅಧಿಕಾರ ರಾಜ್ಯಗಳಿಗಿಲ್ಲ ಎಂದು ಕೇಂದ್ರ ಗೃಹ ಇಲಾಖೆ ಪತ್ರ ಬರೆಯಿತು. ಬಂದವರು ನಮ್ಮ ರಕ್ತಸಂಬಂಧಿಗಳೆಂದು ಮಿಜೋರಾಮ್ ಮುಖ್ಯಮಂತ್ರಿ ಪ್ರಧಾನಿಗೆ ಬರೆದರು.

ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮದೇ ಆದ ಕಾನೂನೂ ಇಲ್ಲ. ಆದ್ದರಿಂದ ನಾಡು ಬಿಟ್ಟು ಬಂದ ಪತ್ರಕರ್ತನ ಅದೃಷ್ಟ ಅಂದು ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಜಾರ್ಜ್ ಅವರದು ದೊಡ್ಡ ಮನಸ್ಸು, ಸಂದೇಹವಿಲ್ಲ. ಆದರೆ ಸಂಸದನ ಬಂಗಲೆ ಅವಧಿ ಮುಗಿದ ಮೇಲೆ ಬೇರೆಯವರ ಪಾಲಾಗುತ್ತದೆ, ಹಕ್ಕಾದರೆ ಹಾಗಲ್ಲ. ಅವರ ಹೆಸರನ್ನು ರಸ್ತೆಗೆ ಇಟ್ಟ ನಾವು ಆ ಹಕ್ಕಿನ ಮಾತನ್ನೂ ಎತ್ತಬೇಕು.