ಬಾಗಿಲಿಲ್ಲದ ಕಚೇರಿ ಬಾಗಿಲು ಮುಚ್ಚಿದ ದಿನ

2020ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ತಂತ್ರಾಂಶ ಕಂಪನಿಗಳ ನೌಕರರು ಕಂಪ್ಯೂಟರುಗಳನ್ನು ಹೊತ್ತು ಮನೆಗೆ ಮರಳಿ, ಊಟದ ಮೇಜನ್ನೋ ನಡುಮನೆಯ ಮೂಲೆಯನ್ನೋ ಕಾರ್ಯಸ್ಥಾನವಾಗಿಸಿಕೊಳ್ಳುತ್ತಿದ್ದಾಗ, ತೆರವುಗೊಳಿಸಬೇಕಾದ ಕಟ್ಟಡವಾಗಲಿ ಬೀಗ ಹಾಕಬೇಕಾದ ಬಾಗಿಲಾಗಲಿ ಇಲ್ಲದಿದ್ದ ಕಂಪನಿಯೊಂದು ಕೋವಿಡ್ ಮಹಾಮಾರಿಯನ್ನು ಎದುರಿಸಿದ ವೃತ್ತಾಂತವು ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರಿಸಿದೆ. ಅದರ ಹೆಸರು ಗಿಟ್‌ಲ್ಯಾಬ್; 65ಕ್ಕೂ ಮಿಗಿಲಾದ ದೇಶಗಳಲ್ಲಿ ಚದುರಿದ್ದ ಅದರ 1,200ಕ್ಕೂ ಹೆಚ್ಚಿನ ನೌಕರರೆಲ್ಲರೂ ಮೊದಲಿನಿಂದಲೇ ತಂತಮ್ಮ ಮನೆಗಳಿಂದ ದುಡಿಯುತ್ತಿದ್ದವರು.

ಯುಕ್ರೇನಿನ ದಿಮಿತ್ರಿ ಜಪರೋಜೆಟ್ಸ್ ಎಂಬ ತರುಣ ತಂತ್ರಜ್ಞನು, ನಲ್ಲಿಯ ನೀರಿಲ್ಲದ ಮನೆಯಲ್ಲಿ ವಾಸಿಸುತ್ತ, ಊರಬಾವಿಯಿಂದ ನಿತ್ಯವೂ ನೀರು ಹೊರುವ ಕಷ್ಟಕ್ಕಿಂತ ಸಹೋದ್ಯೋಗಿಗಳೊಡನೆ ಕೂಡಿ ಕೆಲಸಮಾಡಲು ತಕ್ಕ ಸಾಧನವಿಲ್ಲದುದೇ ದೊಡ್ಡ ಕೊರತೆಯೆಂದು ಬಗೆದು 2011ರಲ್ಲಿ ಆರಂಭಿಸಿದ ತಂತ್ರಾಂಶಕ್ಕೆ, ನೆದರ್ಲೆಂಡ್ಸಿನ ಸಿಡ್ ಸಿಬ್ರಾಂಡಿ ಜತೆಗೂಡಿದುದರಿಂದ ಕಂಪನಿಯ ರೂಪ ಬಂದಿತು. ಪರಸ್ಪರ ಕಾಣದವರು ಕೂಡಿ ದುಡಿಯಬೇಕಾದರೆ ಪ್ರತಿಯೊಂದು ನಿರ್ಣಯವೂ ಬರಹಕ್ಕೆ ಇಳಿಯಬೇಕು. ಆದುದರಿಂದ ಸಾವಿರಾರು ಪುಟಗಳ ಕೈಪಿಡಿಯೊಂದನ್ನು ಅವರು ಎಲ್ಲರೂ ಓದಬಹುದಾದಂತೆ ತೆರೆದಿಟ್ಟಿದ್ದರು. ದೂರದಿಂದ ದುಡಿಯುವ ಬಗೆ ತಿಳಿಯದೆ ಜಗತ್ತು ತತ್ತರಿಸಿದಾಗ, ಆ ಕೈಪಿಡಿಯನ್ನೇ ಆಧರಿಸಿದ ಮಾರ್ಗದರ್ಶಿಯನ್ನೂ ಹೊರತಂದರು. ಅನುಭವವನ್ನು ಬಚ್ಚಿಡದೆ ಹಂಚಿದ ಈ ಔದಾರ್ಯವು ಸಾಮಾನ್ಯವಾದುದಲ್ಲ.

ಹಾಗೆಂದು ವ್ಯಾಧಿಯು ಅವರನ್ನು ಸೋಕದೆ ಹೋಯಿತೆನ್ನಲಾಗದು. ಪ್ರಾಗ್ ನಗರದಲ್ಲಿ ಮಾರ್ಚ್ ಅಂತ್ಯಕ್ಕೆ ನಿಶ್ಚಯವಾಗಿದ್ದ ಸಮಾವೇಶವು ರದ್ದಾಯಿತು. ಎಂದೋ ಒಮ್ಮೆ ಮುಖಾಮುಖಿ ಸೇರುವವರಿಗೆ ಅದೇನು ಸಣ್ಣ ನಷ್ಟವೆ? ಅದಕ್ಕಿಂತ ಮಿಗಿಲಾಗಿ, ಮನೆಯಿಂದ ದುಡಿಯುವ ಅಭ್ಯಾಸವು ಎಷ್ಟೇ ಹಳೆಯದಿದ್ದರೂ, ಶಾಲೆ ಮುಚ್ಚಿ ಮಕ್ಕಳೆಲ್ಲ ಮನೆಯಲ್ಲಿಯೇ ಉಳಿದು, ವೃದ್ಧರಾದ ತಂದೆತಾಯಿಗಳ ಚಿಂತೆ ಹಗಲಿರುಳೂ ಕಾಡುವ ಮನೆಯೇ ಬೇರೆ. ಆಗ ಅವರು ಮಾಡಿದ ಒಂದು ಏರ್ಪಾಡು ನನಗೆ ಅತ್ಯಂತ ಪ್ರಿಯವಾದುದು: ನೌಕರರ ಮಕ್ಕಳು ದೇಶಾಂತರದ ತಮ್ಮ ಓರಗೆಯವರೊಡನೆ ಪರದೆಯ ಮೇಲೆ ಹರಟುವ ಕೂಟಗಳು, ಅವುಗಳಿಗೆ ‘ಜ್ಯೂಸ್ ಬಾಕ್ಸ್ ಚಾಟ್’ ಎಂದು ಹೆಸರು.

ಬಳಿಕ 2020ರ ಮೇ 1ರಂದು ಕಂಪನಿಯು ‘ಕುಟುಂಬ ಮತ್ತು ಸ್ನೇಹಿತರ ದಿನ’ವೆಂದು ಸಾರಿ ಕೆಲಸವನ್ನೇ ನಿಲ್ಲಿಸಿತು. ಬೇಕಾದಾಗ ರಜೆ ಪಡೆಯುವ ಸ್ವಾತಂತ್ರ್ಯವು ಅಲ್ಲಿ ಮೊದಲೇ ಇದ್ದಿತಾದರೂ, ಒಬ್ಬನೇ ವಿರಮಿಸಿದಾಗ ಅವನಿಗಾಗಿ ಪತ್ರಗಳು ರಾಶಿಬೀಳುತ್ತವೆ, ಸಹೋದ್ಯೋಗಿಗಳ ಹೆಗಲಿಗೆ ಭಾರವೇರಿತೆಂಬ ಅಳುಕು ವಿಶ್ರಾಂತಿಯನ್ನೇ ಕೆಡಿಸುತ್ತದೆ. ಎಲ್ಲರೂ ಏಕಕಾಲದಲ್ಲಿ ಕೈಬಿಟ್ಟಾಗಲೇ ಮನಸ್ಸು ನಿಜವಾಗಿ ಬಿಡುವು ಕಾಣುವುದು. ಹಳ್ಳಿಯ ಹಬ್ಬದ ದಿನ ಇಡೀ ಊರು ನೇಗಿಲು ಕಟ್ಟದಿರುವ ಪದ್ಧತಿಯ ಮರ್ಮವೂ ಇದೇ ಅಲ್ಲವೆ? ದಾದಿಯರಿಗೂ ಪೌರಕಾರ್ಮಿಕರಿಗೂ ಆ ದಿನಗಳಲ್ಲಿ ಇಂಥ ಬಿಡುವು ದೊರೆಯಲಿಲ್ಲವೆಂಬ ನೋವು ನನ್ನಲ್ಲಿ ಇದ್ದೇ ಇದೆ. ಗಿಟ್‌ಲ್ಯಾಬಿನಲ್ಲಿಯಾದರೋ ಆ ದಿನವು ಒಂದಕ್ಕೇ ನಿಲ್ಲದೆ ಮುಂದಿನ ತಿಂಗಳುಗಳಲ್ಲಿಯೂ ಮರಳಿ ಬಂದಿತು; ಕರ್ತವ್ಯವನ್ನು ಬಿಡಲಾಗದೆ ಆ ದಿನವೂ ದುಡಿದವರು ಬೇರೊಂದು ದಿನ ವಿರಮಿಸತಕ್ಕುದೆಂಬ ನಿಯಮವೂ ಅದೇ ಕೈಪಿಡಿಯ ಪುಟವನ್ನು ಸೇರಿತು.